ಎದೆಯ ಮೇಲಿನ ಚಪ್ಪಡಿ

ಇಪ್ಪತ್ತೆರಡು ವರ್ಷದಿಂದ ತಮ್ಮನನ್ನು ಅಂಗಾತ ಮಲಗಿಸಿ, ಅವನ ಎದೆಯ ಮೇಲೆ ಕಲ್ಲುಚಪ್ಪಡಿ ಇಟ್ಟು, ಅಣ್ಣ ದೊಡ್ಡ ಸುತ್ತಿಗೆಯಿಂದ ಅದನ್ನು ಒಡೆಯುತ್ತ ಬಂದಿದ್ದ. ತಮ್ಮನದು ಎರಡು ಕೆಲಸ. ಚಪ್ಪಡಿ ಹೊಂದಿಸಿ ತರಬೇಕು, ಏಟು ಬೀಳುವ ಮುಂಚೆ "ಬೇಡಣ್ಣಾ, ಸಾಯ್ತೀನಿ!" ಎಂದು ಜನರ ಎದೆ ಝಲ್ಲೆನ್ನುವಂತೆ ಕಿರುಚಬೇಕು. ಕಲ್ಲು ಒಡೆದರೂ ತಮ್ಮನ ಎದೆ ಏಕೆ ಒಡೆಯುವುದಿಲ್ಲವೆಂಬ ಗುಟ್ಟನ್ನು ಮಾತ್ರ ಅಣ್ಣ ಜಪ್ಪಯ್ಯ ಅಂದರೂ ಬಿಟ್ಟುಕೊಟ್ಟಿರಲಿಲ್ಲ.

"ಗೊತ್ತಾದ್ರೆ ನಿನ್ನ ಮುಖದಲ್ಲಿ ಭಯಾನೇ ಇರಲ್ಲ ಕಣೋ," ಎನ್ನುತ್ತಿದ್ದ.

ಇವತ್ತು ಜಾದೂಗಾರರ ಸಂಘದ ಕೂಟ. ನೋಡಲು ಕೂತವರೆಲ್ಲ ಅದೇ ಕಸುಬಿನವರು. ಒಂದು ತಿಂಗಳಿಂದ ಪಕ್ಕೆನೋವಿನಲ್ಲಿ ನರಳುತ್ತಿದ್ದ ತಮ್ಮ, ಅಣ್ಣನಿಗೆ ತಿಳಿಯದಂತೆ ಅಷ್ಟೇ ಅಗಲದ, ಅರ್ಧ ದಪ್ಪದ ಚಪ್ಪಡಿ ತಂದು ಕೆಂಪು ಬಟ್ಟೆ ಹೊದಿಸಿದ್ದ. ಕಲ್ಲಿನಡಿ ಮಲಗಿದಾಗ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಉಸಿರು ಸಲೀಸಾಗಿ ಆಡಿತು. ಈ ಬುದ್ಧಿ ಮೊದಲೇ ಏಕೆ ಬರಲಿಲ್ಲವೋ ಎಂದುಕೊಂಡ.

ಅಣ್ಣ ಸುತ್ತಿಗೆ ಎತ್ತಿದ.

"ಇವತ್ತಾದ್ರೂ ಹೇಳಿಬಿಡಿ ಸ್ವಾಮಿ," ಸಂಘದ ಅಧ್ಯಕ್ಷರು ಮುಂದಿನ ಸಾಲಿನಿಂದ ಕೂಗಿದರು. "ಇದರ ಹಿಂದಿರೋ ವಿಜ್ಞಾನ ಏನು?"

"ಕಲ್ಲಿನ ಭಾರವೇ ರಕ್ಷೆ ಕಣ್ರೀ," ಅಣ್ಣ ನಕ್ಕ. "ಭಾರದ ಕಲ್ಲು ಏಟನ್ನೆಲ್ಲ ತಾನೇ ನುಂಗಿಬಿಡುತ್ತೆ. ಹಗುರದ್ದು ಇಟ್ರೆ ಎದೆಗೂಡು ಪುಡಿಪುಡಿ!"

ಹೇಳುತ್ತಲೇ ಸುತ್ತಿಗೆ ಬೀಸಿದ. ತಮ್ಮನ ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ಬೇಡಣ್ಣಾ, ಸಾಯ್ತೀನಿ!"

ಇಡೀ ಸಭೆ ಚಪ್ಪಾಳೆ ತಟ್ಟಿತು.