ಗೋಡೆಯವರೆಗಿನ ಹಗ್ಗ

ಕರೆವ್ವನ ಮನೆಗೆ ಬಾಗಿಲು ಇರಲಿಲ್ಲ. ಇದ್ದದ್ದನ್ನು ಆ ಶ್ರಾವಣದಲ್ಲಿ ಮಲಪ್ರಭೆ ಕಿತ್ತುಕೊಂಡು ಕೂಡಲಸಂಗಮದ ಕಡೆಗೆ ಹೋಗಿತ್ತು. ಚೌಕಟ್ಟಿಗೆ ಹರಿದ ಗೋಣಿತಟ್ಟು ಇಳಿಬಿಟ್ಟಿದ್ದರು. ಒಳಗೆ ಕದಿಯುವಂಥದ್ದು ಏನೂ ಇರದ ಕಾರಣ ಹೊಳೆಆಲೂರಿನಲ್ಲಿ ಯಾರಿಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ.

ಬ್ರಿಟಿಷರ ವಿರುದ್ಧದ ನರಗುಂದದ ದಂಗೆಗೆ ಇನ್ನೂ ಎರಡು ವರ್ಷವಿತ್ತು. ನೆರೆ ಇಳಿದ ಮೇಲೆ ಸರಕಾರದ ಗುಮಾಸ್ತನೊಬ್ಬ ಕುದುರೆಯ ಮೇಲೆ ಬಂದ. ಹಲಗೆ ಬಾರಿಸಿ ಊರನ್ನೆಲ್ಲ ಚಾವಡಿಗೆ ಕರೆಸಿ, ನೆರೆಗೆ ಸಿಕ್ಕ ಮನೆಗಳ ಹೆಂಗಸರ ಕೈಗೆ ಐದೈದು ಬೆಳ್ಳಿ ರೂಪಾಯಿ ಹಾಕಿದ. ಕಾಳಲ್ಲ, ಬಟ್ಟೆಯಲ್ಲ, ರೋಖ ಹಣ. "ಹೆಂಗ ಬೇಕೋ ಹಂಗ ಖರ್ಚ ಮಾಡ್ರಿ" ಎಂದ. ಕರೆವ್ವನ ಗಂಡ ಪರಶಪ್ಪ ಪುಂಡಿನಾರಿನ ಹಗ್ಗ ಹೊಸೆಯುವವನು. ವರ್ಷವಿಡೀ ರೈತರಿಗೆ ಹಗ್ಗ ಕೊಟ್ಟು, ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಮೂರು ಚೀಲ ಜೋಳ ಅಳೆಸಿಕೊಂಡು ಬದುಕಿದವನು. ಅವನು ರೂಪಾಯಿ ಮುಟ್ಟಿದ್ದು ಅದೇ ಮೊದಲು.

"ಒಂದು ಮುರಿಸಿ ಜ್ವಾಳಾ ತರ್ಲೇನ?" ಎಂದು ಕೇಳಿದ.

"ಮುಟ್ಟಿಗಿಟ್ಟಿ! ಸರಕಾರದವ್ರು ಊರಿಗೆ ಬರೂದು ಒಯ್ಯಾಕ. ಕೊಡಾಕ ಬಂದದ್ದು ಯಾವಾಗರ ಕಂಡೀಯೇನು? ನಾಳೆ ತಿರುಗಿ ಕೇಳ್ತಾರ. ಆಗ ನಿನ್ನ ಹೊಟ್ಟಿ ಕೊಯ್ದು ಕೊಡ್ಲಿ?"

ಹಗ್ಗ ಹೊಸೆಯಲು ಇಬ್ಬರು ಬೇಕು. ಹೆಂಡತಿ ಒಂದು ತುದಿಯಲ್ಲಿ ಕೂತು ತಿರುಗಣಿ ತಿರುಗಿಸುತ್ತಾಳೆ, ಗಂಡ ನಾರು ಕೊಡುತ್ತ ಹಿಂದಕ್ಕೆ ನಡೆಯುತ್ತಾನೆ. ಹೊಳೆದಂಡೆಯಲ್ಲಿ ಪರಶಪ್ಪ ಹೀಗೆ ಹುಣಸೆಮರದವರೆಗೂ ಹೋಗುತ್ತಿದ್ದ. ಈಗ ಬಾಗಿಲಿಲ್ಲದ ಮನೆಯಲ್ಲಿ ರೂಪಾಯಿ ಬಿಟ್ಟು ಇಬ್ಬರೂ ಹೊರಡುವುದು ಹೇಗೆ? ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆಂದ ಪರಶಪ್ಪ. "ನೀ ಹಿಂದಕ ನಡಿಯಾಂವ. ಕಳ್ಳ ಬೆನ್ನಿಗೆ ಬಂದ್ರ ನಿನಗ ಹ್ಯಾಂಗ ಕಾಣಬೇಕು?" ಎಂದಳು ಕರೆವ್ವ. ತಿರುಗಣಿ ಒಲೆಯ ಪಕ್ಕಕ್ಕೆ ಬಂತು. ಪರಶಪ್ಪ ಒಲೆಯಿಂದ ಹಿಂದಕ್ಕೆ ನಡೆದ. ನಾಲ್ಕು ಹೆಜ್ಜೆಗೆ ಬೆನ್ನು ಗೋಡೆಗೆ ಬಡಿಯಿತು. ಹಗ್ಗ ಅಲ್ಲಿಗೆ ಮುಗಿಯಿತು.

ವಾರ ಕಳೆಯುವುದರೊಳಗೆ ರೈತ ಮಹಾಲಿಂಗಪ್ಪ ಗೌಡ ತಾನು ಒಯ್ದಿದ್ದ ಹಗ್ಗ ಹಿಡಿದುಕೊಂಡು ಬಂದ.

"ಲೇ ಪರಶ್ಯಾ, ನಿನ್ನ ಹಗ್ಗಾ ನೀರ ಮುಟ್ಟವಲ್ದು. ಕೊಡಾ ಬಾವಿ ನಡಕ ಜೋತಾಡಾಕತ್ತೇತಿ."

"ಎರಡ ಕೂಡಿಸಿ ಗಂಟ ಹಾಕ್ರಿ ಗೌಡ್ರ."

"ಗಂಟ ಬಾವಿ ಗಾಲ್ಯಾಗ ಸಿಗತೇತಿ. ನೀರಿಗೆ ಮ್ಯಾಲ ಬಾ ಅಂತ ಹೇಳ್ಲಿ?"

ಹಾಗಾಗಿ ಬಾಗಿಲು ಮಾಡಿಸುವುದೆಂದಾಯಿತು. ಬಡಿಗೇರ ದ್ಯಾಮಪ್ಪ ಎರಡು ರೂಪಾಯಿ ಕೇಳಿದ.

"ಈ ಐದು ರೂಪಾಯಿ ಕಾಯಾಕ ಬಾಗಿಲಾ ಬೇಕಾಗೇತಿ ದ್ಯಾಮಣ್ಣ. ಎರಡ ನಿನಗ ಕೊಟ್ರ ಬಾಗಿಲಾ ಏನ ಕಾಯಬೇಕು?" ಎಂದಳು ಕರೆವ್ವ.

"ಮೂರು ಕಾಯ್ತೇತಿ."

"ಸರಕಾರ ಐದು ಕೇಳಿದ್ರ?"

ದ್ಯಾಮಪ್ಪ ರೂಪಾಯಿಯ ಆಸೆ ಬಿಟ್ಟ. ಅದರ ಬದಲು ಅವರ ಹಾಲು ಕೊಡುವ ಆಡನ್ನು ಹಿಡಿದುಕೊಂಡು ಹೋದ. ಮೂರನೆಯ ದಿನ ಜಾಲಿಕಟ್ಟಿಗೆಯ ಬಾಗಿಲು ನಿಂತಿತು. "ಇನ್ನ ಕೀಲಿ ಹಾಕಿ ಹೊಳಿಗೆ ಹೋಗೂಣು" ಎಂದು ಪರಶಪ್ಪ ತಿರುಗಣಿ ಎತ್ತಿದ. "ಕೀಲಿ ಹಾಕಿದ್ರ ಒಳಗ ಏನೋ ಐತಿ ಅಂತ ಕಳ್ಳಗ ನಾವ ಹೇಳಿದಂಗ ಆತು" ಎಂದು ಕರೆವ್ವ ಅದನ್ನು ಕೆಳಗಿಡಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಪರಶಪ್ಪ ಮತ್ತೆ ಒಲೆಯಿಂದ ಗೋಡೆಗೆ ನಡೆಯತೊಡಗಿದ.

ಪಕ್ಕದ ಮನೆಯ ಖಾಜಾಬಿ ತನ್ನ ಐದು ರೂಪಾಯಿಯಲ್ಲಿ ಮಾಳಿಗೆ ರಿಪೇರಿ ಮಾಡಿಸಿ ಎರಡು ಕುರಿ ಕೊಂಡಿದ್ದಳು. ಅವಳು ದಿನಾ ಬೆಳಿಗ್ಗೆ ಗೋಣಿತಟ್ಟು ಸರಿಸಿ ಒಳಗೆ ಬಂದು, ಒಲೆಯಿಂದ ಕೆಂಡ ತೆಗೆದುಕೊಂಡು, ಒಂದು ಬಟ್ಟಲು ಸಾರು ಇಟ್ಟು ಹೋಗುವುದು ರೂಢಿ.

"ಯಕ್ಕಾ, ಬೆಂಕಿ ಕೊಡ!" ಎಂದು ಮರುದಿನ ಬೆಳಿಗ್ಗೆ ಹೊಸ ಬಾಗಿಲು ಬಡಿದಳು.

"ಯಾರದು?"

"ಯಾರದು ಅಂತೀಯಲ್ಲ! ನಾ ಖಾಜಾಬಿ!"

"ಒಬ್ಬಾಕಿನ ಅದೀಯೇನ?"

ಖಾಜಾಬಿ ಸಾರಿನ ಬಟ್ಟಲು ಹಿಡಿದುಕೊಂಡೇ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಸುಗ್ಗಿ ಬಂತು. ಪರಶಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಕಣಕ್ಕೆ ಹೋದ. "ಅರ್ಧ ಹಗ್ಗಕ್ಕ ಅರ್ಧ ಜ್ವಾಳಾ ಕೊಡ್ರಿ" ಎಂದ. "ನೀರ ಮುಟ್ಟದ ಹಗ್ಗಾ ಅರ್ಧ ಹಗ್ಗಾ ಅಲ್ಲಲೇ. ಅದು ಹಗ್ಗನ ಅಲ್ಲ" ಎಂದ ಮಹಾಲಿಂಗಪ್ಪ. ಉಳಿದ ಎಂಟು ಕಣಗಳಲ್ಲೂ ಅದೇ ಮಾತು. ಖಾಲಿ ಚೀಲ ಹೆಗಲ ಮೇಲೆಯೇ ತಿರುಗಿ ಬಂತು.

ಆ ವಾರವೇ ಗುಮಾಸ್ತ ಮತ್ತೆ ಬಂದ. ಕೊಟ್ಟ ಹಣದಿಂದ ಜನರಿಗೆ ಏನಾಯಿತೆಂದು ನೋಡಬೇಕಾಗಿತ್ತಂತೆ. ಖಾಜಾಬಿ "ಎಲ್ಲಾ ಖರ್ಚಾದೂರಿ" ಎಂದಳು. "ಚಲೋ ಆತು" ಎಂದು ಮುಂದಕ್ಕೆ ನಡೆದ. ಕರೆವ್ವನ ಹೊಸ ಬಾಗಿಲನ್ನು ತಟ್ಟಿ ನೋಡಿ ತಲೆದೂಗಿದ. ಕರೆವ್ವ ಒಲೆಯ ಕೆಳಗಿಂದ ಗಂಟು ಅಗೆದು ತೆಗೆದು, ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗಿಸಿದ್ದ ರೂಪಾಯಿಗಳನ್ನು ಮುಂದಿಟ್ಟಳು.

"ಎಣಿಸ್ಕೊಳ್ರಿ ಸಾಹೇಬ್ರ. ಒಂದೂ ಕಮ್ಮಿ ಆಗಿಲ್ಲ."

ಗುಮಾಸ್ತ ರೂಪಾಯಿ ನೋಡಿದ, ಬಾಗಿಲು ನೋಡಿದ. "ಹೊಸಾ ಬಾಗಲಾ ಆಗೇದ. ರೂಪಾಯಿ ಹಂಗ ಅವ. ಅಂದ್ರ ನಿಮಗ ಬೇಕಾಗಿದ್ದಿಲ್ಲ" ಎಂದು ಐದನ್ನೂ ಚೀಲಕ್ಕೆ ಹಾಕಿಕೊಂಡು ಕುದುರೆ ಹತ್ತಿದ.

ಕರೆವ್ವನ ಮುಖ ಅರಳಿತು. "ಕಂಡ್ಯಾ? ಖರ್ಚ ಮಾಡಿದ್ರ ಇವತ್ತ ಎಲ್ಲಿಂದ ತಂದು ಕೊಡತಿದ್ದಿ?"

ಆ ಸಂಜೆ ಇಬ್ಬರೂ ಹೊಳೆದಂಡೆಗೆ ಹೋದರು. ಕರೆವ್ವ ತಿರುಗಣಿ ತಿರುಗಿಸಿದಳು. ಪರಶಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ನಿಂತುಬಿಟ್ಟ. ಹಿಂದೆ ಬಯಲಿತ್ತು. ಅವನ ಬೆನ್ನು ಗೋಡೆಗಾಗಿ ಕಾಯುತ್ತಿತ್ತು.

ಹೋದದ್ದು ಇಷ್ಟು: ಹಾಲಿನ ಆಡು ಒಂದು, ಸುಗ್ಗಿಯ ಜೋಳ ಮೂರು ಚೀಲ, ಹಗ್ಗ ಒಯ್ಯುವ ಮನೆ ಒಂಬತ್ತು, ಬೆಂಕಿ ಕೇಳಲು ಬರುವ ನೆರೆಯವಳು ಒಬ್ಬಳು, ರೂಪಾಯಿ ಐದು.