ಕೆಂಪು ಸಾಲು

“ನಿನ್ನ ಎದೆ ಗಟ್ಟಿಯಾಗಿದೆ ಅಂತ ಡಾಕ್ಟರು ಬರೆದುಕೊಟ್ಟ ದಿನ ರೇಸ್ ನೋಡೋಕೆ ಬರ್ತೀನಿ” ಎಂದು ಅಮ್ಮ ಮಾತು ಕೊಟ್ಟಾಗ ಮಗಳಿಗೆ ಒಂಬತ್ತು ವರ್ಷ. ಕೆಮ್ಮಿಗೆ ಬಿಡುವೇ ಇರಲಿಲ್ಲ. ಈಗ ಅವಳು ದೇಶದ ಸೈಕಲ್ ತಂಡದಲ್ಲಿದ್ದಾಳೆ. ಅಮ್ಮ ಒಂದು ರೇಸನ್ನೂ ನೋಡಿಲ್ಲ. ಕೈಚೀಲದಲ್ಲಿ ಇನ್‌ಹೇಲರ್ ಇಟ್ಟುಕೊಳ್ಳುವುದನ್ನೂ ಬಿಟ್ಟಿಲ್ಲ.

ಆಸ್ಪತ್ರೆಯಲ್ಲಿ ಉಸಿರಾಟದ ಪರೀಕ್ಷೆಯ ಸೈಕಲ್ಲಿನಿಂದ ಇಳಿದು ಮಗಳು ಮಾಸ್ಕ್ ಕಳಚುವಷ್ಟರಲ್ಲಿ ಪ್ರಿಂಟರ್ ಹಾಳೆಯನ್ನು ಹೊರದಬ್ಬಿತು. ನಡುವೆ ಒಂದು ಕೆಂಪು ಸಾಲು: ಉಸಿರಾಟದ ಮೀಸಲು ತೀರಾ ಕಡಿಮೆ, ಶ್ವಾಸಕೋಶದ ಕಾಯಿಲೆ ಇರಬಹುದು. ಅಮ್ಮನ ಕೈ ಸೀದಾ ಚೀಲದೊಳಗೆ ಹೋಯಿತು. “ಬಡ್ಕೊಂಡೆ, ಕೇಳಿದ್ಯಾ?”

“ಅಮ್ಮಾ, ಮೊದಲು ಉಸಿರು ತಗೊಳ್ಳೋಕೆ ಬಿಡು. ಆಮೇಲೆ ಬೈ.”

ಡಾಕ್ಟರಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಿ, ಆ ಕೆಂಪು ಸಾಲಿನ ಮೇಲೆ ಪೆನ್ನಿನಿಂದ ಉದ್ದಕ್ಕೆ ಗೀಟು ಎಳೆದರು. “ಈ ಯಂತ್ರಕ್ಕೆ ನಿಮ್ಮ ಮಗಳು ಯಾರು ಅಂತ ಗೊತ್ತಿಲ್ಲ. ನಮ್ಮಂಥವರ ಅಳತೆ ಇಟ್ಟುಕೊಂಡು ನೋಡುತ್ತೆ. ನಮಗೆಲ್ಲ ಮೊದಲು ಹೃದಯ ಕೈಚೆಲ್ಲುತ್ತೆ, ಶ್ವಾಸಕೋಶದಲ್ಲಿ ಇನ್ನೂ ಶಕ್ತಿ ಉಳಿದಿರುತ್ತೆ, ಅದೇ ಮೀಸಲು. ಇವಳ ಹೃದಯ ಕೈಚೆಲ್ಲಲೇ ಇಲ್ಲ. ಅದಕ್ಕೇ ಶ್ವಾಸಕೋಶದ ಶಕ್ತಿಯನ್ನೂ ಪೂರ್ತಿ ಬಳಸಿಬಿಟ್ಟಿದ್ದಾಳೆ. ರಕ್ತದಲ್ಲಿ ಆಮ್ಲಜನಕ ಒಂಚೂರೂ ಇಳಿದಿಲ್ಲ. ನನ್ನಂಥ ಇಬ್ಬರನ್ನ ಕೂರಿಸಿದ್ರೂ ಇವಳೊಬ್ಬಳಿಗೆ ಸಮ ಆಗಲ್ಲ.”

ಅಮ್ಮನ ಕೈ ಚೀಲದಿಂದ ಖಾಲಿಯಾಗಿಯೇ ಹೊರಬಂತು. “ಎದೆ ಗಟ್ಟಿಯಾಗಿದೆ ಅಂತ ಆ ಹಾಳೆ ಮೇಲೆ ಬರೆದುಕೊಡ್ತೀರಾ?”

“ಹಾಗೆಲ್ಲ ಬರೆಯೋ ರೂಢಿ ಇಲ್ಲಮ್ಮ.”

“ಬರೀರಿ ಡಾಕ್ಟ್ರೇ,” ಎಂದಳು ಮಗಳು. “ಹದಿನೈದು ವರ್ಷದಿಂದ ಕಾಯ್ತಾ ಇದೀನಿ.”

ಡಾಕ್ಟರಮ್ಮ ನಗುತ್ತಾ ಬರೆದು ಸಹಿ ಹಾಕಿದರು. ಅಮ್ಮ ಎರಡು ಸಲ ಓದಿ, ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಭಾನುವಾರದ ರೇಸಿಗೆ ಅಮ್ಮ ಬಂದಳು.