ತಾನಾಗಿ ಏಳುವ ಕಂಪ್ಯೂಟರ್

"ಮುಟ್ಟಬೇಡಿ, ಅದು ತಾನಾಗಿ ಏಳುತ್ತೆ," ಎಂದಳು ಸೊಸೆ, ಬಾಗಿಲಲ್ಲೇ ನಿಂತು.

ರಿಪೇರಿಯವನು ನಕ್ಕ. ಹಗ್ಗ ಕಂಡು ಹಾವೆಂದವರನ್ನು ಅವನು ಬೇಕಾದಷ್ಟು ನೋಡಿದ್ದ. ಮೇಜಿನ ಕೆಳಗಿನ ಹಳೆಯ ಕಂಪ್ಯೂಟರ್ ಅವಳ ಗಂಡನದು. ಅವನು ಅಪಘಾತದಲ್ಲಿ ತೀರಿಕೊಂಡ ಮೇಲೂ, ಅವನು ಕೆಲಸಕ್ಕೆ ಕೂರುತ್ತಿದ್ದ ಸಂಜೆಯ ಹೊತ್ತಿಗೆ ಈ ಕೋಣೆಯಿಂದ 'ಬೀಪ್' ಎಂಬ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಬೆನ್ನಿಗೇ ಅರಳುಮರಳಾದ ಅತ್ತೆಯ ಕೂಗು: "ನಿನ್ನ ಗಂಡ ಬಂದ, ನೋಡೇ."

"ತವರಿಗೆ ಬಾ ಅಂತ ಅಣ್ಣ ಕರೀತಾನೇ ಇದ್ದಾನೆ," ಎಂದಳು ಸೊಸೆ. " ಅತ್ತೇನ ಬಿಟ್ಟು ಹೇಗೆ ಹೋಗಲಿ? ಈ ಕಾಟ ನಿಂತರೆ ಇಲ್ಲೇ ಇರ್ತೀನಿ. ನಿಲ್ಲದಿದ್ರೆ ನನ್ನ ಕೈಲಾಗಲ್ಲ, ಹೊರಟುಹೋಗ್ತೀನಿ."

"ದೆವ್ವ ಅಲ್ಲಮ್ಮ, ಅಲಾರಂ. ಇದರಲ್ಲಿ ಯಂತ್ರಾನ ಎಬ್ಬಿಸೋದು ಹಳೇ ಕಾಲದ ಬಯೋಸ್. ಎದ್ದ ಕೂಡಲೇ ಕೈಕಾಲು ನೆಟ್ಟಗಿದೆಯಾ ಅಂತ ನೋಡ್ಕೊಂಡು ಒಂದು ಸಲ ಕೂಗುತ್ತೆ. ಇಂಥ ಹೊತ್ತಿಗೆ ಏಳು ಅಂತ ನಿಮ್ಮ ಯಜಮಾನರು ಇಟ್ಟಿರ್ತಾರೆ."

ಸೆಟ್ಟಿಂಗ್ ತೆರೆದ. ಅಲಾರಂ ಇರಲಿಲ್ಲ. ಗಡಿಯಾರ ಯಾವುದೋ ಹಳೆಯ ವರ್ಷ ತೋರಿಸುತ್ತಿತ್ತು. ಮುಚ್ಚಳ ಬಿಚ್ಚಿದರೆ ಗಡಿಯಾರ ನಡೆಸುವ ಪುಟ್ಟ ಸೆಲ್ಲು ಎಂದೋ ಸತ್ತಿತ್ತು. ಸಂಜೆಯಾಯಿತೆಂದು ಈ ಯಂತ್ರಕ್ಕೆ ತಿಳಿಯುವ ದಾರಿಯೇ ಇರಲಿಲ್ಲ.

ಅವನು ಗಡಿಬಿಡಿಯಲ್ಲಿ ಮುಚ್ಚಳ ಹಾಕಿ ತಂತಿ ಕಿತ್ತ. ಕೆಟ್ಟಿದೆ, ಹೊಸದು ಹಾಕೋಣ ಎಂದಷ್ಟೇ ಅವಳಿಗೆ ಹೇಳಿದ. ಮರುದಿನ ಅಂಗಡಿಯಿಂದ ಹೊಸ ಯಂತ್ರ ತಂದು ಕೂರಿಸಿ, ಗಂಡನ ಫೋಟೋಗಳನ್ನೆಲ್ಲ ಅದಕ್ಕೆ ಹಾಕಿಕೊಟ್ಟ.

ಇದು ಬಯೋಸ್ ಹೋಗಿ ಯುಇಎಫ್‌ಐ ಬಂದ ಕಾಲದ್ದು. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲಿಲ್ಲ, ಸದ್ದಿಲ್ಲ. ನೋಡನೋಡುತ್ತಲೇ ಬಣ್ಣದ ಚಿತ್ರ ಮೂಡಿತು. ಸೊಸೆಯ ಮುಖ ಅರಳಿತು.

"ಸದ್ಯ. ಇನ್ನು ನಾನು ಎಲ್ಲೂ ಹೋಗಲ್ಲ," ಎಂದು ಚಹಾ ಮಾಡಲು ಹೋದಳು.

ಗೋಡೆ ಹಿಡಿದುಕೊಂಡು ಅತ್ತೆ ಬಂದರು. ಹೊಸ ಪೆಟ್ಟಿಗೆಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಇದು ಕೂಗಲ್ವಾ?"

"ಇಲ್ಲ ಅಜ್ಜಿ."

"ಕೂಗೋ ಹಾಗೆ ಮಾಡೋಕಾಗುತ್ತಾ?"

ಪಾಪ, ಇನ್ನೂ ಮಗನಿಗಾಗಿ ಕಾಯುತ್ತಿರುವ ಜೀವ ಎಂದುಕೊಂಡ. "ನಿಮ್ಮ ಮಗ ಇನ್ನು ಬರಲ್ಲ, ಅಜ್ಜಿ."

"ಗೊತ್ತಪ್ಪಾ," ಅವರು ದನಿ ತಗ್ಗಿಸಿದರು. ಕಣ್ಣಲ್ಲಿ ಮರೆವಿನ ಸುಳಿವೇ ಇರಲಿಲ್ಲ. "ದಿನಾ ಗುಂಡಿ ಒತ್ತುತ್ತಿದ್ದವಳು ನಾನೇ. ಆ ಹುಡುಗಿ ಹೆದರಿಯಾದ್ರೂ ಇಲ್ಲಿಂದ ಹೋಗಿ ಬದುಕಿಕೊಳ್ಳಲಿ ಅಂತ."